ಕಾರ್ಲ್ ಪರ್ಕಿನ್ಸ್: ಆ ಅಪಘಾತ ಆಗದಿದ್ದರೆ ನಿಜವಾಗಿಯೂ ಎಲ್ವಿಸ್‌ನಷ್ಟು ದೊಡ್ಡವರಾಗುತ್ತಿದ್ದರೇ?

ತಂತಿ-ತಾಳ, ಕಲಬುರಗಿ

ಎಲ್ಲರಿಗೂ ಶರಣು. ಕಲಬುರಗಿಯಲ್ಲಿ ಗಿಟಾರ್ ನುಡಿಸುವ ನಾವು ಆರೇಳು ಮಂದಿ ತಿಂಗಳಿಗೊಮ್ಮೆ ಗೆಳೆಯನೊಬ್ಬನ ಮನೆಯ ಮಾಳಿಗೆಯ ಮೇಲೆ ಸೇರುತ್ತೇವೆ. ಪ್ರತಿ ಸಲ ಒಬ್ಬರು ಒಬ್ಬ ಕಲಾವಿದರ ಬದುಕಿನ ಬಗ್ಗೆ ಅರ್ಧ ಗಂಟೆ ಮಾತನಾಡಿ, ಆಮೇಲೆ ಅವರ ಒಂದೆರಡು ಹಾಡುಗಳನ್ನು ನುಡಿಸಿ ತೋರಿಸಬೇಕೆಂಬುದು ನಾವೇ ಹಾಕಿಕೊಂಡ ಕಟ್ಟಳೆ. ಬರುವ ತಿಂಗಳ ಸರದಿ ನನ್ನದು. ನಾನು ಆಯ್ದುಕೊಂಡಿರುವುದು ಅಮೆರಿಕದ ಟೆನೆಸೀ ರಾಜ್ಯದ ಗಿಟಾರ್ ವಾದಕ, ಹಾಡುಗಾರ, ಹಾಡು ಕಟ್ಟುವವರೂ ಆಗಿದ್ದ ಕಾರ್ಲ್ ಪರ್ಕಿನ್ಸ್ ಅವರನ್ನು.

ಎಲ್ಲಿ ಹುಡುಕಿದರೂ ಅವರ ಬಗ್ಗೆ ಒಂದೇ ಕಥೆ ಸಿಗುತ್ತದೆ. 1956ರ ಆರಂಭದಲ್ಲಿ ‘ಬ್ಲೂ ಸ್ವೇಡ್ ಶೂಸ್’ (ಮೆದು ಚರ್ಮದ ನೀಲಿ ಬೂಟುಗಳು) ಹಾಡಿನಿಂದ ಅವರು ಮನೆಮಾತಾದರು. ಅದೇ ಮಾರ್ಚ್ 22ರಂದು ಟಿವಿ ಕಾರ್ಯಕ್ರಮಕ್ಕಾಗಿ ನ್ಯೂಯಾರ್ಕಿಗೆ ಹೋಗುವಾಗ ಡೆಲವೇರ್ ರಾಜ್ಯದ ಡೋವರ್ ಬಳಿ ಅವರ ಕಾರು ಟ್ರಕ್ಕೊಂದಕ್ಕೆ ಗುದ್ದಿತು. ಅವರು ಆಸ್ಪತ್ರೆಯಲ್ಲಿ ಮಲಗಿರುವಾಗ ಎಲ್ವಿಸ್ ಪ್ರೀಸ್ಲಿ ಅದೇ ಹಾಡನ್ನು ಹಾಡಿ ಕೀರ್ತಿಯನ್ನೆಲ್ಲ ಕಟ್ಟಿಕೊಂಡು ಹೋದರು. ಇಷ್ಟು ಹೇಳಿ ಮುಗಿಸಿದರೆ ಕೇಳುವವರು ‘ಅಯ್ಯೋ ಪಾಪ’ ಎನ್ನುತ್ತಾರೆ, ನನ್ನ ಅರ್ಧ ಗಂಟೆಯೂ ಸುಲಭವಾಗಿ ಕಳೆಯುತ್ತದೆ. ಆದರೆ ನನಗೇಕೋ ಸಮಾಧಾನವಿಲ್ಲ. 65 ವರ್ಷ ಬದುಕಿದ ಮನುಷ್ಯನ ಕಥೆ 24ನೆಯ ವಯಸ್ಸು ತುಂಬುವ ಮೊದಲೇ ಮುಗಿದುಹೋಯಿತೆಂದು ಹೇಳುವುದು ಎಷ್ಟು ಸರಿ?

ಇನ್ನೂ ಎರಡು ಗೊಂದಲಗಳಿವೆ. ಅವರನ್ನು ರಾಕ್ ಕಲಾವಿದರೆಂದು ಪರಿಚಯಿಸಬೇಕೋ ಅಮೆರಿಕದ ಹಳ್ಳಿಗಾಡಿನ ಹಾಡುಗಳ ‘ಕಂಟ್ರಿ’ ಕಲಾವಿದರೆಂದೋ? ಕಂಟ್ರಿ ಹಾಡುಗಾರ ಜಾನಿ ಕ್ಯಾಶ್ ಅವರ ಮೊದಲ ಹಾಡುಗಳಲ್ಲಿ ಕೇಳುವ ಆ ‘ಟಿಕ್ ಟಿಕ್’ ನಡೆಯ ಗಿಟಾರ್ ಇವರದೇ ಅಲ್ಲವೇ? ಕೊನೆಯದು ನನ್ನ ಸ್ವಂತ ಕಷ್ಟ. ಸ್ವರಗಳನ್ನೆಲ್ಲ ಸರಿಯಾಗಿಯೇ ಹಿಡಿಯುತ್ತಿದ್ದೇನೆ, ಆದರೂ ನಾನು ನುಡಿಸಿದರೆ ಉಪ್ಪಿಲ್ಲದ ಸಾರಿನ ಹಾಗೆ ಸಪ್ಪಗೆ ಕೇಳುತ್ತದೆ. ತಿಳಿದವರು ದಾರಿ ತೋರಿಸಬೇಕು.

ಶಹಾಪುರ ಮಾಸ್ತರ

ತಮ್ಮಾ, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಅಪಘಾತದ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಹೇಳಲಿ. ನಾನು ಅದಕ್ಕೂ ಹಿಂದಿನ ಸಂಗತಿ ಹೇಳುತ್ತೇನೆ, ಏಕೆಂದರೆ ಈ ಮನುಷ್ಯ ಹತ್ತಿಯ ಹೊಲದಿಂದ ಬಂದವರು, ನಾನಿರುವುದೂ ಹತ್ತಿಯ ನಾಡಿನಲ್ಲಿ.

ಪರ್ಕಿನ್ಸ್ ಹುಟ್ಟಿದ್ದು 1932ರ ಏಪ್ರಿಲ್ 9ರಂದು, ಟೆನೆಸೀ ರಾಜ್ಯದ ವಾಯವ್ಯ ಮೂಲೆಯ ಟಿಪ್ಟನ್‌ವಿಲ್ ಎಂಬ ಊರಿನ ಬಳಿ. ತಂದೆ ಬಕ್, ತಾಯಿ ಲೂಯಿಸ್. ಸ್ವಂತ ಹೊಲವಿಲ್ಲ; ಬೇರೆಯವರ ಹೊಲವನ್ನು ಪಾಲಿಗೆ ಮಾಡುವ ಕುಟುಂಬ. ಜನನಪತ್ರದಲ್ಲಿ ಮನೆತನದ ಹೆಸರೇ ‘ಪರ್ಕಿಂಗ್ಸ್’ ಎಂದು ತಪ್ಪಾಗಿ ದಾಖಲಾಗಿತ್ತು. ರೇಷನ್ ಕಾರ್ಡಿನಲ್ಲಿ ಹೆಸರು ತಿದ್ದಿಸಲು ಅಲೆದ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆರೇಳು ವರ್ಷದಿಂದಲೇ ಹುಡುಗ ಅಣ್ಣ ಜೇ ಜೊತೆ ಹತ್ತಿ ಬಿಡಿಸಲು ಹೋಗುತ್ತಿದ್ದ. ನಮ್ಮ ಕಡೆ ಹೆಣ್ಣುಮಕ್ಕಳು ಉಡಿ ಕಟ್ಟಿಕೊಂಡು ಹತ್ತಿ ಬಿಡಿಸಿದರೆ ಅಲ್ಲಿ ಉದ್ದನೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಸಾಲಿನುದ್ದಕ್ಕೂ ಎಳೆದುಕೊಂಡು ಹೋಗುತ್ತಾರೆ, ಅಷ್ಟೇ ವ್ಯತ್ಯಾಸ. ಒಣಗಿದ ಕಾಯಿಯ ಮೊನೆ ಉಗುರಿನ ಸಂದಿಗೆ ಚುಚ್ಚಿ ರಕ್ತ ಬರುವುದು ಎರಡೂ ಕಡೆ ಒಂದೇ.

ಆ ಹೊಲದಲ್ಲಿ ಅವರ ಜೊತೆ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದ ಕೂಲಿಕಾರರು. ಬಿಳಿಯರ ಶಾಲೆ ಬೇರೆ, ಕರಿಯರ ಶಾಲೆ ಬೇರೆ, ಚರ್ಚು ಬೇರೆ, ಬಸ್ಸಿನಲ್ಲಿ ಕೂರುವ ಜಾಗವೂ ಬೇರೆ ಎಂಬ ಕಾನೂನಿದ್ದ ಕಾಲ ಅದು. ಆದರೆ ಹತ್ತಿಯ ಸಾಲಿನಲ್ಲಿ ಬಡವರೆಲ್ಲ ಒಟ್ಟಿಗೇ ಬಗ್ಗಿದ್ದರು. ಬಿಸಿಲು ಏರಿದಾಗ ಒಬ್ಬರು ಎತ್ತಿದ ಭಕ್ತಿಗೀತೆಗೆ ಇನ್ನೊಂದು ಸಾಲಿನವರು ದನಿಗೂಡಿಸುತ್ತಿದ್ದರು. ಹುಡುಗನ ಕಿವಿಗೆ ಬಿದ್ದ ಮೊದಲ ಸಂಗೀತ ಅದು. ಎರಡನೆಯದು ಶನಿವಾರ ರಾತ್ರಿ ನ್ಯಾಶ್‌ವಿಲ್‌ನಿಂದ ರೇಡಿಯೊದಲ್ಲಿ ಬರುತ್ತಿದ್ದ ‘ಗ್ರ್ಯಾಂಡ್ ಓಲ್ ಓಪ್ರಿ’ ಕಾರ್ಯಕ್ರಮ. ಅದರಲ್ಲಿ ರಾಯ್ ಏಕಫ್, ಬಿಲ್ ಮನ್ರೋ ಮೊದಲಾದ ಬಿಳಿ ಹಳ್ಳಿಗರ ಹಾಡುಗಾರರು ಇರುತ್ತಿದ್ದರು.

ಮಗ ಗಿಟಾರ್ ಬೇಕೆಂದು ಹಟ ಹಿಡಿದಾಗ ತಂದೆ ಮೊದಲು ಸಿಗಾರಿನ ಡಬ್ಬಿಗೆ ಪೊರಕೆಯ ಕೋಲು ಸಿಕ್ಕಿಸಿ ಒಂದನ್ನು ಮಾಡಿಕೊಟ್ಟರು. ಆಮೇಲೆ ನೆರೆಯವನೊಬ್ಬ ಮಾರಾಟಕ್ಕಿಟ್ಟ ಹಳೆಯ ಗಿಟಾರನ್ನು ಒಂದೆರಡು ಡಾಲರಿಗೂ ಒಂದು ಕೋಳಿಗೂ ಕೊಂಡು ತಂದರು. ಪಾಠ ಹೇಳಿಕೊಟ್ಟವರು ಅದೇ ಹೊಲದಲ್ಲಿ ದುಡಿಯುತ್ತಿದ್ದ ಜಾನ್ ವೆಸ್ಟ್‌ಬ್ರೂಕ್ ಎಂಬ ಕಪ್ಪು ಜನಾಂಗದ ವೃದ್ಧರು. ಹುಡುಗ ಅವರನ್ನು ‘ಅಂಕಲ್ ಜಾನ್’ ಎಂದು ಕರೆಯುತ್ತಿದ್ದ. ಗಿಟಾರಿನ ಮೇಲೆ ತಲೆ ಬಗ್ಗಿಸಿ ಹತ್ತಿರ ಹೋಗು, ತಂತಿಯ ನಡುಕ ನಿನ್ನ ಒಳಗೆ ಇಳಿಯಲಿ ಎಂಬುದು ಅವರು ಕಲಿಸಿದ ಮೊದಲ ಪಾಠವಂತೆ. ಕಡಕೋಳ ಮಡಿವಾಳಪ್ಪನವರ ಬಳಿ ಚೆನ್ನೂರಿನ ಜಲಾಲಸಾಹೇಬರು ಶಿಷ್ಯರಾದ ನೆಲದವರು ನಾವು. ಜಾತಿ ಧರ್ಮಗಳ ಬೇಲಿ ದಾಟಿ ಹಾಡು ಒಬ್ಬರಿಂದ ಒಬ್ಬರಿಗೆ ಹೇಗೆ ಸಾಗುತ್ತದೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಇನ್ನು ತಂತಿಯ ಮಾತು. ತಂತಿ ಕಡಿದರೆ ಹೊಸದನ್ನು ಕೊಳ್ಳಲು ದುಡ್ಡಿರಲಿಲ್ಲ. ಕಡಿದ ತುಂಡುಗಳಿಗೇ ಗಂಟು ಹಾಕಿ ಮತ್ತೆ ಬಿಗಿಯುತ್ತಿದ್ದರು. ಬೆರಳನ್ನು ತಂತಿಯುದ್ದಕ್ಕೂ ಜಾರಿಸಹೋದರೆ ಗಂಟು ತಾಗಿ ಚರ್ಮ ಸೀಳುತ್ತಿತ್ತು. ಆದ್ದರಿಂದ ಜಾರಿಸುವುದನ್ನು ಬಿಟ್ಟು, ಇದ್ದಲ್ಲಿಯೇ ತಂತಿಯನ್ನು ಪಕ್ಕಕ್ಕೆ ಒತ್ತಿ ಸ್ವರವನ್ನು ಏರಿಸುವುದನ್ನು ರೂಢಿಸಿಕೊಂಡರು. ಅವರ ಗಿಟಾರಿನ ಗುರುತೇ ಆದ ಆ ಎಳೆತ ಹುಟ್ಟಿದ್ದು ಹೀಗೆ ಎಂದು ಸ್ವತಃ ಅವರೇ ಹೇಳಿಕೊಂಡಿದ್ದಾರೆ. ಇದನ್ನು ನಿಮ್ಮ ಮಾಳಿಗೆಯ ಸಭೆಯಲ್ಲಿ ಮರೆಯದೆ ಹೇಳಿ.

ಬೀದರ ಆರುತಂತಿ

ಮಾಸ್ತರರ ಕೊನೆಯ ಮಾತಿನಿಂದಲೇ ನಾನು ಶುರು ಮಾಡುತ್ತೇನೆ, ಏಕೆಂದರೆ ತಂತಿ-ತಾಳ ಅಣ್ಣಾವರ ಸಪ್ಪೆ ಸಾರಿಗೆ ಮದ್ದು ಅಲ್ಲಿಯೇ ಇದೆ ಎಂಬುದು ನನ್ನ ಅನುಮಾನ.

ನಾವೆಲ್ಲ ಈಗ ಬಳಸುವುದು ತೆಳುವಾದ ತಂತಿಗಳನ್ನು. ಇವನ್ನು ಒಂದು ಪೂರ್ಣ ಸ್ವರದಷ್ಟು, ಮನಸ್ಸು ಬಂದರೆ ಅದಕ್ಕಿಂತ ಹೆಚ್ಚು ಕೂಡ ಎಳೆಯಬಹುದು. 1950ರ ದಶಕದ ತಂತಿಗಳು ಹಾಗಿರಲಿಲ್ಲ. ಅವು ದಪ್ಪವಾಗಿದ್ದವು, ಇಂದು ಬರಿಯ ಉಕ್ಕಿನ ಎಳೆಯಾಗಿರುವ ಮೂರನೆಯ ತಂತಿಯ ಮೇಲೂ ಆಗ ಲೋಹದ ಸುತ್ತು ಇರುತ್ತಿತ್ತು. ಅದನ್ನು ಎಷ್ಟು ಒತ್ತಿದರೂ ಸ್ವರ ಸ್ವಲ್ಪ ಮಾತ್ರ ಏರುತ್ತದೆ. ಪರ್ಕಿನ್ಸ್ ಶೈಲಿಯ ರುಚಿ ಇರುವುದು ಆ ಸ್ವಲ್ಪದಲ್ಲಿಯೇ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕೋಮಲ ಗಾಂಧಾರವನ್ನು ಹಿಡಿದು ಶುದ್ಧ ಗಾಂಧಾರದ ಕಡೆಗೆ ತಳ್ಳುತ್ತಾರೆ, ಆದರೆ ಮುಟ್ಟಿಸುವುದಿಲ್ಲ, ನಡುವೆಯೇ ಬಿಟ್ಟುಬಿಡುತ್ತಾರೆ. ನೀವು ಬಹುಶಃ ಮುಟ್ಟಿಸಿಬಿಡುತ್ತಿದ್ದೀರಿ. ಮುಟ್ಟಿಸಿದ ಕೂಡಲೇ ಅದು ಇಪ್ಪತ್ತು ವರ್ಷ ಆಮೇಲಿನ ರಾಕ್ ಆಗಿಬಿಡುತ್ತದೆ.

ಬಲಗೈಗೆ ಬರೋಣ. ‘ಹಾನಿ ಡೋಂಟ್’ ಅಥವಾ ‘ಮ್ಯಾಚ್‌ಬಾಕ್ಸ್’ ಕೇಳಿ ನೋಡಿ. ಕೆಳಗಿನ ದಪ್ಪ ತಂತಿಗಳ ಮೇಲೆ ಪಿಯಾನೋದ ಎಡಗೈಯ ಹಾಗೆ ಒಂದು ನಡೆ ಸಾಗುತ್ತಿರುತ್ತದೆ, ಅದರ ಮೇಲೆ ತೆಳು ತಂತಿಗಳಲ್ಲಿ ಎರಡೆರಡು ಸ್ವರಗಳ ಚುಟುಕು ಉತ್ತರಗಳು ಬರುತ್ತವೆ. ನಾನು ನುಡಿಸುವಾಗ ಪಿಕ್ಕನ್ನು ಹೆಬ್ಬೆರಳು-ತೋರುಬೆರಳಿನಲ್ಲಿ ಹಿಡಿದು ಕೆಳಗಿನ ನಡೆಯನ್ನು ಅದಕ್ಕೆ ಒಪ್ಪಿಸುತ್ತೇನೆ. ಮೇಲಿನ ತಂತಿಗಳನ್ನು ನಡುಬೆರಳು ಮತ್ತು ಉಂಗುರಬೆರಳಿನಿಂದ ಸೆಳೆಯುತ್ತೇನೆ. ಅಂಗೈಯ ಅಂಚು ಬ್ರಿಜ್ಜಿನ ಮೇಲೆ ಹಗುರವಾಗಿ ಕೂತಿರಲಿ, ಇಲ್ಲದಿದ್ದರೆ ಕೆಳಗಿನ ತಂತಿಗಳು ಗುಂಯ್‌ಗುಟ್ಟಿ ಎಲ್ಲವನ್ನೂ ನುಂಗುತ್ತವೆ. ಆಂಪ್ಲಿಫೈಯರಿನಲ್ಲಿ ಸದ್ದನ್ನು ಕೆಡಿಸುವ ಗುಂಡಿಯನ್ನು ದಯವಿಟ್ಟು ಮುಟ್ಟಬೇಡಿ.

ಇನ್ನೊಂದು, ಆ ಪ್ರತಿಧ್ವನಿ. ಮೆಂಫಿಸ್ ನಗರದ ಯೂನಿಯನ್ ಅವೆನ್ಯೂದಲ್ಲಿ ಸ್ಯಾಮ್ ಫಿಲಿಪ್ಸ್ ನಡೆಸುತ್ತಿದ್ದ ಸನ್ ಸ್ಟುಡಿಯೊ ಒಂದು ಕಿರಾಣಿ ಅಂಗಡಿಯಷ್ಟು ಚಿಕ್ಕ ಕೋಣೆ. ಅಲ್ಲಿ ಎರಡು ಟೇಪ್ ರೆಕಾರ್ಡರುಗಳಿದ್ದವು. ಮೊದಲನೆಯದಕ್ಕೆ ಹೋಗುವ ಸದ್ದನ್ನೇ ಎರಡನೆಯದಕ್ಕೂ ಕೊಟ್ಟು, ಅದರಲ್ಲಿ ಮುದ್ರಣವಾದ ಸದ್ದು ಟೇಪು ಕೆಲವು ಅಂಗುಲ ಸರಿದು ಓದುವ ತಲೆಯ ಬಳಿ ಬಂದಾಗ ಮತ್ತೆ ಎತ್ತಿಕೊಂಡು ಬೆರೆಸುತ್ತಿದ್ದರು. ಆ ಕ್ಷಣಮಾತ್ರದ ತಡವೇ ಪ್ರತಿ ಹೊಡೆತದ ಬೆನ್ನಿಗೂ ಒಂದು ನೆರಳನ್ನು ಕೊಡುತ್ತದೆ. ಈಗಿನ ಚಿಕ್ಕ ಪೆಡಲುಗಳಲ್ಲಿ ಇದು ಸಿಗುತ್ತದೆ: ಒಂದೇ ಸಲ ಮರಳುವಂತೆ ಇಡಿ, ಎರಡನೆಯ ಸಲ ಬರಕೂಡದು.

ಕ್ಯಾಶ್ ಅವರ ಮೊದಲ ಹಾಡುಗಳ ‘ಟಿಕ್ ಟಿಕ್’ ಗಿಟಾರ್ ಇವರದಲ್ಲ. ಅದು ಲೂಥರ್ ಪರ್ಕಿನ್ಸ್. ಮನೆತನದ ಹೆಸರು ಒಂದೇ ಆದರೂ ಅವರಿಗೂ ಕಾರ್ಲ್‌ಗೂ ರಕ್ತಸಂಬಂಧವಿಲ್ಲ. ಆದರೆ ನಿಮ್ಮ ತಪ್ಪು ಪೂರ್ತಿ ತಪ್ಪೂ ಅಲ್ಲ. 1968ರಲ್ಲಿ ಲೂಥರ್ ತೀರಿಕೊಂಡ ಮೇಲೆ ಕ್ಯಾಶ್ ತಂಡದಲ್ಲಿ ಕಾರ್ಲ್ ಅವರ ಕೆಲಸವೂ ಹೆಚ್ಚಿತು. 1969ರ ಫೆಬ್ರುವರಿಯಲ್ಲಿ ಸ್ಯಾನ್ ಕ್ವೆಂಟಿನ್ ಜೈಲಿನ ಕೈದಿಗಳ ಮುಂದೆ ಕ್ಯಾಶ್ ‘ಎ ಬಾಯ್ ನೇಮ್ಡ್ ಸೂ’ ಹಾಡಿದರಲ್ಲ, ಆ ಹಾಡು ತಂಡಕ್ಕೆ ಹೊಸದು. ಕ್ಯಾಶ್ ಸಾಹಿತ್ಯವನ್ನು ಕಾಗದ ನೋಡಿಕೊಂಡು ಹಾಡಿದರು. ಅಲ್ಲಿ ಹಿಂದೆ ನಿಂತು ನಿಂತಲ್ಲಿಯೇ ಗಿಟಾರ್ ಹೊಂದಿಸಿಕೊಟ್ಟವರು ಕಾರ್ಲ್.

ತಂತಿ-ತಾಳ, ಕಲಬುರಗಿ

ಲೂಥರ್ ವಿಷಯದಲ್ಲಿ ನನ್ನ ಮಾನ ಉಳಿಸಿದಿರಿ, ಇಲ್ಲದಿದ್ದರೆ ಸಭೆಯಲ್ಲಿ ಯಾರಾದರೂ ಹಿಡಿದು ಕೇಳುತ್ತಿದ್ದರು. ನಿನ್ನೆ ರಾತ್ರಿ ಮೂರನೆಯ ತಂತಿಯನ್ನು ಅರ್ಧಕ್ಕೇ ನಿಲ್ಲಿಸಿ ನೋಡಿದೆ. ನಮ್ಮ ಮನೆಯವರು ಅಡುಗೆಮನೆಯಿಂದ ಇಣುಕಿ ‘ಇವತ್ತು ಬ್ಯಾರೆ ಹಾಡು ಬಾರಿಸ್ಲಿಕತ್ತೀರೇನು?’ ಎಂದು ಕೇಳಿದರು. ಅದೇ ಹಾಡು! ದಪ್ಪ ತಂತಿಯ ಒಂದು ಸೆಟ್ಟನ್ನು ಸೋಲಾಪುರದಿಂದಲೋ ಹೈದರಾಬಾದಿನಿಂದಲೋ ತರಿಸಬೇಕು.

ಅಪಘಾತದ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಸ್ಟೇಷನ್ ಬಜಾರ್

ನಾನು ಕಲಬುರಗಿಯವನೇ. ಹಳೆಯ ರೆಕಾರ್ಡುಗಳ ಹುಚ್ಚಿರುವುದರಿಂದ ಈ ವಿಷಯವನ್ನು ತಾರೀಖುಗಳೊಂದಿಗೆ ನೋಡಿದ್ದೇನೆ. ತಾರೀಖುಗಳನ್ನು ಸಾಲಾಗಿ ಇಟ್ಟರೆ ಆ ಪ್ರಸಿದ್ಧ ಕಥೆ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ಕುಟುಂಬ ಜಾಕ್ಸನ್ ಎಂಬ ಪಟ್ಟಣದ ಸೀಮೆಗೆ ಬಂದ ಮೇಲೆ ಕಾರ್ಲ್, ಅಣ್ಣ ಜೇ, ತಮ್ಮ ಕ್ಲೇಟನ್ ಸೇರಿ ರಾತ್ರಿ ಹೆಂಡದಂಗಡಿಗಳಲ್ಲಿ ನುಡಿಸುತ್ತಿದ್ದರು. ಹಗಲು ಬೇಕರಿಯೊಂದರಲ್ಲಿ ಬ್ರೆಡ್ಡಿನ ಅಚ್ಚುಗಳಿಗೆ ಜಿಡ್ಡು ಸವರುವಂಥ ಕೆಲಸ. ಡ್ರಮ್ ಬಾರಿಸಲು ಡಬ್ಲ್ಯೂ. ಎಸ್. ಹಾಲೆಂಡ್ ಬಂದರು. 1953ರಲ್ಲಿ ವಾಲ್ಡಾ ಅವರೊಂದಿಗೆ ಮದುವೆಯಾಯಿತು. 1954ರಲ್ಲಿ ರೇಡಿಯೊದಲ್ಲಿ ಎಲ್ವಿಸ್ ಹಾಡಿದ ‘ಬ್ಲೂ ಮೂನ್ ಆಫ್ ಕೆಂಟಕಿ’ ಕೇಳಿದಾಗ, ತಾವು ವರ್ಷಗಳಿಂದ ಹೆಂಡದಂಗಡಿಯಲ್ಲಿ ಮಾಡುತ್ತಿದ್ದುದನ್ನೇ ಮೆಂಫಿಸ್‌ನಲ್ಲಿ ಯಾರೋ ರೆಕಾರ್ಡಿಗೆ ಇಳಿಸುತ್ತಿದ್ದಾರೆಂದು ತಿಳಿದು, ಅದೇ ವರ್ಷ ಫಿಲಿಪ್ಸ್ ಅವರ ಬಾಗಿಲು ತಟ್ಟಿದರು. ಅಂದರೆ ಎಲ್ವಿಸ್‌ನನ್ನು ನೋಡಿ ಕಲಿತವರಲ್ಲ ಇವರು. 1955ರಲ್ಲಿ ಬಂದ ಮೊದಲ ರೆಕಾರ್ಡಿನ ‘ಮೂವಿ ಮ್ಯಾಗ್’ ಹಾಡನ್ನು ಅವರು ಕಟ್ಟಿದ್ದೇ ಹದಿಹರೆಯದಲ್ಲಿ, ಹುಡುಗಿಯೊಬ್ಬಳನ್ನು ಹೇಸರಗತ್ತೆಯ ಮೇಲೆ ಕೂರಿಸಿಕೊಂಡು ಸಿನಿಮಾಕ್ಕೆ ಹೋಗುವ ಕನಸಿನ ಬಗ್ಗೆ.

ನೀಲಿ ಬೂಟಿನ ಹಾಡಿನ ಬೀಜ ಜಾನಿ ಕ್ಯಾಶ್ ಕೊಟ್ಟದ್ದು. ಸೈನ್ಯದಲ್ಲಿದ್ದಾಗ ತನ್ನ ಬೂಟುಗಳ ಬಗ್ಗೆ ತಮಾಷೆ ಮಾಡುತ್ತಿದ್ದ ಗೆಳೆಯನನ್ನು ನೆನೆದು ಕ್ಯಾಶ್ ಆ ‘ಬ್ಲೂ ಸ್ವೇಡ್ ಶೂಸ್’ ಎಂಬ ಮಾತನ್ನು ಹೇಳಿದ್ದರು. ಕೆಲವು ದಿನಗಳ ನಂತರ ತಾವು ನುಡಿಸುತ್ತಿದ್ದ ಕುಣಿತದ ಸಭೆಯಲ್ಲಿ, ಚೆಂದದ ಹುಡುಗಿಯ ಜೊತೆ ಕುಣಿಯುತ್ತಿದ್ದ ಯುವಕ ‘ನನ್ನ ಬೂಟು ತುಳಿಯಬೇಡ’ ಎಂದು ಅವಳನ್ನು ಗದರಿಸಿದ್ದು ಕಾರ್ಲ್ ಕಿವಿಗೆ ಬಿತ್ತು. ಇಂಥ ಹುಡುಗಿಗಿಂತ ಬೂಟು ಹೆಚ್ಚಾಯಿತೇ ಎಂಬ ಬೆರಗಿನಲ್ಲಿ ನಿದ್ದೆ ಬಾರದೆ ಮಧ್ಯರಾತ್ರಿ ಕಳೆದ ಮೇಲೆ ಎದ್ದು, ಆಲೂಗಡ್ಡೆಯ ಕಾಗದದ ಚೀಲದ ಮೇಲೆ ಹಾಡು ಬರೆದರು. ‘ಸ್ವೇಡ್’ ಪದದ ಕಾಗುಣಿತವೂ ಅವರಿಗೆ ಸರಿಯಾಗಿ ಬರುತ್ತಿರಲಿಲ್ಲ. ಮಕ್ಕಳು ಓಟ ಶುರು ಮಾಡುವಾಗ ಹೇಳುವ ಎಣಿಕೆಯನ್ನೇ ಹಾಡಿನ ಎತ್ತುಗಡೆಗೆ ಇಟ್ಟುಕೊಂಡರು. ರೆಕಾರ್ಡಿಂಗ್ ನಡೆದದ್ದು 1955ರ ಡಿಸೆಂಬರ್ 19ರಂದು, ಬಿಡುಗಡೆಯಾದದ್ದು 1956ರ ಜನವರಿ 1ರಂದು.

ಈಗ ತಾರೀಖುಗಳನ್ನು ಗಮನಿಸಿ. ಎಲ್ವಿಸ್ ಆ ಹಾಡನ್ನು ಆರ್‌ಸಿಎ ರೆಕಾರ್ಡ್ ಕಂಪನಿಗಾಗಿ ಹಾಡಿದ್ದು ಜನವರಿ 30ರಂದು. ಟಿವಿಯಲ್ಲಿ ಮೊದಲು ಹಾಡಿದ್ದು ಫೆಬ್ರುವರಿ 11ರಂದು. ಎರಡೂ ಅಪಘಾತಕ್ಕೆ ಮೊದಲು. ಕಾರ್ಲ್ ಹಾಸಿಗೆಯಲ್ಲಿದ್ದಾಗ ಎಲ್ವಿಸ್ ಹಾಡನ್ನು ಕದ್ದರು ಎಂಬಂಥ ಮಾತು ಇಲ್ಲಿಯೇ ಬಿದ್ದುಹೋಗುತ್ತದೆ. ಅಷ್ಟೇ ಅಲ್ಲ, ಕಾರ್ಲ್ ರೆಕಾರ್ಡಿಗೆ ಪೆಟ್ಟು ಬೀಳಬಾರದೆಂದು ಎಲ್ವಿಸ್ ಹಾಡನ್ನು ಆಗ ಬಿಡಿ ರೆಕಾರ್ಡಾಗಿ ಹೊರತರಲಿಲ್ಲ. ಮುಂದೆ ಅದು ಹಾಗೆ ಬಂದಾಗ ಏರಿದ್ದು 20ನೆಯ ಸ್ಥಾನದವರೆಗೆ ಮಾತ್ರ. ಕಾರ್ಲ್ ಹಾಡಿದ್ದಾದರೋ ಬಿಲ್‌ಬೋರ್ಡ್ ಪತ್ರಿಕೆಯ ಪಾಪ್ ಪಟ್ಟಿಯಲ್ಲಿ 2ನೆಯ ಸ್ಥಾನಕ್ಕೆ, ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಕಪ್ಪು ಜನರ ಸಂಗೀತಕ್ಕೆಂದು ಇದ್ದ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲೂ ಮೇಲಕ್ಕೆ ಬಂತು. ಹತ್ತು ಲಕ್ಷ ಪ್ರತಿ ಮಾರಾಟವಾದ ಸನ್ ಕಂಪನಿಯ ಮೊದಲ ರೆಕಾರ್ಡು ಅದು. ಅಂದರೆ ಆ ಹಾಡನ್ನು ಕಾರ್ಲ್ ಸೋತಿರಲಿಲ್ಲ.

ಅಪಘಾತವೇನೂ ಸಣ್ಣದಲ್ಲ. ಆ ಟ್ರಕ್ಕಿನ ಚಾಲಕ ಸತ್ತರು. ಕಾರ್ಲ್ ಪ್ರಜ್ಞೆ ತಪ್ಪಿದ್ದರು, ಜೇ ಅವರ ಕತ್ತಿನ ಮೂಳೆ ಮುರಿದಿತ್ತು. ಆದರೂ ಏಪ್ರಿಲ್ ಮುಗಿಯುವ ಮೊದಲೇ ಕಾರ್ಲ್ ವೇದಿಕೆಯ ಮೇಲಿದ್ದರು. ತಪ್ಪಿಹೋಗಿದ್ದ ಪೆರಿ ಕೋಮೊ ಟಿವಿ ಕಾರ್ಯಕ್ರಮದಲ್ಲಿಯೂ ಮೇ ತಿಂಗಳಲ್ಲಿ ಹಾಡಿ ಬಂದರು. ಹಾಗಾದರೆ ಅದರ ನಂತರದ ರೆಕಾರ್ಡುಗಳು ಏಕೆ ಅಷ್ಟು ಮೇಲಕ್ಕೆ ಏರಲಿಲ್ಲ? ‘ಡಿಕ್ಸಿ ಫ್ರೈಡ್’ ಹಾಡನ್ನು ಕೇಳಿ. ಕುಡಿದು ಚಾಕು ಬೀಸುವ ಹೆಂಡದಂಗಡಿಯ ರಾತ್ರಿಯ ಬಗ್ಗೆ ಅಷ್ಟು ಸಾಚಾ ಹಾಡು ಆ ಕಾಲದಲ್ಲಿ ಮತ್ತೊಂದಿರಲಿಕ್ಕಿಲ್ಲ. ಆದರೆ ಪಾಕೆಟ್ ಮನಿಯಲ್ಲಿ ರೆಕಾರ್ಡು ಕೊಳ್ಳುವ ಪಟ್ಟಣದ ಹೈಸ್ಕೂಲು ಮಕ್ಕಳಿಗೆ ಅದರಲ್ಲಿ ಏನಿತ್ತು? ಎಲ್ವಿಸ್ ಮದುವೆಯಾಗದ 21ರ ಚೆಲುವ, ಹಿಂದೆ ದೊಡ್ಡ ಕಂಪನಿ. ಕಾರ್ಲ್ ಹೆಂಡತಿ ಮಕ್ಕಳಿರುವ ಸಂಸಾರಸ್ಥ, ಹಾಡುವುದು ತನ್ನಂಥ ಹಳ್ಳಿಯ ಗಂಡಸರ ಬದುಕನ್ನು. 1957ರಲ್ಲಿ ಸನ್ ಕಂಪನಿಯ ಗಮನವೆಲ್ಲ ಪಿಯಾನೋ ನುಡಿಸಿ ಹಾಡುವ ಜೆರ್ರಿ ಲೀ ಲೂಯಿಸ್ ಕಡೆ ಹೊರಳಿತು. 1958ರಲ್ಲಿ ಕಾರ್ಲ್ ಕೊಲಂಬಿಯಾ ಕಂಪನಿಗೆ ಹೋದರು. ಅದೇ ವರ್ಷ ಅಣ್ಣ ಜೇ ಮೆದುಳಿನ ಗಡ್ಡೆಯಿಂದ ತೀರಿಕೊಂಡರು. ಕುಡಿತ ಮೊದಲೇ ಇತ್ತು, ಆಮೇಲೆ ಮಿತಿಮೀರಿತು. ನನ್ನನ್ನು ಕೇಳಿದರೆ ಅವರ ದಾರಿಯನ್ನು ತಿರುಗಿಸಿದ್ದು ಡೋವರ್‌ನ ರಸ್ತೆಗಿಂತ ಜೇ ಅವರ ಸಾವು. ಎಡಗಡೆ ನಿಂತು ತಾಳಕ್ಕೆ ಗಿಟಾರ್ ಹಿಡಿಯುವ ಅಣ್ಣನಿಲ್ಲದೆ ಆ ತಂಡ ಮತ್ತೆ ತಂಡವಾಗಲಿಲ್ಲ.

ರಾಕೋ ಕಂಟ್ರಿಯೋ ಎಂಬ ಪ್ರಶ್ನೆಗೆ 1956ರ ಡಿಸೆಂಬರ್ 4ರ ಮಧ್ಯಾಹ್ನವೇ ಉತ್ತರ. ಅಂದು ಸನ್ ಸ್ಟುಡಿಯೊದಲ್ಲಿ ‘ಮ್ಯಾಚ್‌ಬಾಕ್ಸ್’ ಮುದ್ರಿಸುತ್ತಿದ್ದವರು ಕಾರ್ಲ್. ಪಿಯಾನೋ ನುಡಿಸಲು ಬಂದಿದ್ದವರು ಆಗಿನ್ನೂ ಹೆಸರು ಮಾಡದ ಜೆರ್ರಿ ಲೀ. ಎಲ್ವಿಸ್ ಸುಮ್ಮನೆ ಮಾತನಾಡಿಸಲೆಂದು ಬಂದರು, ಕ್ಯಾಶ್ ಕೂಡ ಇದ್ದರು. ಫಿಲಿಪ್ಸ್ ಟೇಪು ಓಡಲು ಬಿಟ್ಟರು. ರಾಕ್ ಅಂಡ್ ರೋಲ್ ಹುಟ್ಟಿಸಿದವರೆಂದು ನಾವು ಕರೆಯುವ ಈ ಹುಡುಗರು ಅಂದು ಹೆಚ್ಚಾಗಿ ಹಾಡಿದ್ದು ಚರ್ಚಿನ ಭಕ್ತಿಗೀತೆಗಳನ್ನು ಮತ್ತು ಹಳೆಯ ಕಂಟ್ರಿ ಹಾಡುಗಳನ್ನು. ಪಟ್ಟಿ ಮಾಡುವವರು, ರೆಕಾರ್ಡು ಮಾರುವವರು ಹಾಕಿದ ಹಣೆಪಟ್ಟಿಗಳು ನಮಗೆ ದೊಡ್ಡವಾಗಿ ಕಾಣುತ್ತವೆ, ಅವರಿಗೆ ಹಾಗೆ ಕಂಡಿರಲಿಲ್ಲ.

ಹೈರಾಣ ಹಾರ್ಮೋನಿಯಂ, ಹುಮನಾಬಾದ

ಸ್ಟೇಷನ್ ಬಜಾರ್ ಅಣ್ಣಾವರು ತಾರೀಖುಗಳನ್ನು ಚೆನ್ನಾಗಿ ಜೋಡಿಸಿದ್ದಾರೆ, ಆದರೆ ಅವರ ಕಥೆಯೂ 1958ಕ್ಕೇ ನಿಂತಿತಲ್ಲ! ನನಗೆ ಹೆಚ್ಚು ಪ್ರೀತಿಯ ಭಾಗ ಆಮೇಲಿನದು.

1964ರಲ್ಲಿ, ತನ್ನನ್ನು ಎಲ್ಲರೂ ಮರೆತಿದ್ದಾರೆಂದೇ ನಂಬಿದ್ದ ಕಾರ್ಲ್ ರಾಕ್ ಹಾಡುಗಾರ ಚಕ್ ಬೆರ್ರಿ ಜೊತೆ ಇಂಗ್ಲೆಂಡಿಗೆ ಹೋದರು. ಅಲ್ಲಿ ಬೀಟಲ್ಸ್ ತಂಡದವರು ಅವರನ್ನು ಗುರುವಿನಂತೆ ಕಂಡರು. ನಾಲ್ಕು ವರ್ಷ ಹಿಂದೆ, ಇನ್ನೂ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಸ್ಕಾಟ್ಲೆಂಡಿನ ಸಣ್ಣ ಪ್ರವಾಸವೊಂದರಲ್ಲಿ ಆ ತಂಡದ ಜಾರ್ಜ್ ಹ್ಯಾರಿಸನ್ ತನ್ನ ಹೆಸರನ್ನು ‘ಕಾರ್ಲ್ ಹ್ಯಾರಿಸನ್’ ಎಂದು ಇಟ್ಟುಕೊಂಡಿದ್ದರು, ಅಷ್ಟು ಭಕ್ತಿ. 1964ರ ಜೂನ್ 1ರಂದು ಬೀಟಲ್ಸ್ ‘ಮ್ಯಾಚ್‌ಬಾಕ್ಸ್’ ಮುದ್ರಿಸುವಾಗ ಕಾರ್ಲ್ ಸ್ಟುಡಿಯೊದಲ್ಲಿಯೇ ಕುಳಿತಿದ್ದರು. ಅದನ್ನೂ ‘ಹಾನಿ ಡೋಂಟ್’ ಹಾಡನ್ನೂ ರಿಂಗೊ ಸ್ಟಾರ್ ಹಾಡಿದರು, ‘ಎವ್ರಿಬಡಿಸ್ ಟ್ರೈಯಿಂಗ್ ಟು ಬಿ ಮೈ ಬೇಬಿ’ ಹಾಡನ್ನು ಜಾರ್ಜ್. ಬೀಟಲ್ಸ್ ರೆಕಾರ್ಡುಗಳ ಮೇಲೆ ಹಾಡು ಕಟ್ಟಿದವನ ಹೆಸರಾಗಿ ಮೂರು ಕಡೆ ಕಾರ್ಲ್ ಬಂದದ್ದು ಎಂಥ ಪುಣ್ಯವೆಂದು ಬೇರೆ ಹೇಳಬೇಕೇ?

ಮುಂದೆ ಸುಮಾರು ಹತ್ತು ವರ್ಷ ಅವರು ಜಾನಿ ಕ್ಯಾಶ್ ತಂಡದ ಜೊತೆ ಊರೂರು ತಿರುಗಿದರು. 1968ರ ಜನವರಿ 13ರಂದು ಫೋಲ್ಸಮ್ ಜೈಲಿನ ಕಾರ್ಯಕ್ರಮದಲ್ಲಿ ಕ್ಯಾಶ್‌ಗಿಂತ ಮೊದಲು ವೇದಿಕೆ ಹತ್ತಿ ನೀಲಿ ಬೂಟಿನ ಹಾಡು ಹಾಡಿದವರು ಅವರೇ. ಕ್ಯಾಶ್ ಮಾತ್ರೆಗಳ ಚಟದಿಂದ, ಕಾರ್ಲ್ ಹೆಂಡದ ಚಟದಿಂದ ಹೊರಬರಲು ಒಬ್ಬರಿಗೊಬ್ಬರು ಹೆಗಲಾದರು. ಆ ದಿನಗಳಲ್ಲಿಯೇ ಕಾರ್ಲ್ ‘ಡ್ಯಾಡಿ ಸ್ಯಾಂಗ್ ಬಾಸ್’ ಕಟ್ಟಿದ್ದು. ಮನೆಮಂದಿ ಒಟ್ಟಿಗೆ ಕುಳಿತು ಹಾಡುತ್ತಿದ್ದರು, ಅಪ್ಪನದು ಒಂದು ದನಿ, ಅವ್ವನದು ಒಂದು, ತೀರಿಹೋದ ತಮ್ಮನೂ ಒಂದು ದಿನ ಅಲ್ಲಿ ಮತ್ತೆ ಸೇರುತ್ತಾನೆ ಎಂಬ ಹಾಡು. ಹನ್ನೆರಡನೆಯ ವಯಸ್ಸಿನಲ್ಲಿ ಅಣ್ಣನನ್ನು ಕಳೆದುಕೊಂಡಿದ್ದ ಕ್ಯಾಶ್ ಅದನ್ನು ಹಾಡಿದರು, ಜೇಯನ್ನು ಕಳೆದುಕೊಂಡ ಕಾರ್ಲ್ ಬರೆದಿದ್ದರು. ಅದು ಕಂಟ್ರಿ ಪಟ್ಟಿಯಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ನಮ್ಮೂರಿನ ಗುಡಿಯಲ್ಲಿ ಸೋಮವಾರ ರಾತ್ರಿಯ ಭಜನೆಗೆ ಹಾರ್ಮೋನಿಯಂ ಹಿಡಿಯುವ ನನಗೆ, ತಾಳ ಹಿಡಿಯುತ್ತಿದ್ದ ದೊಡ್ಡಪ್ಪನ ಜಾಗ ಖಾಲಿಯಾದ ವಾರ ಈ ಹಾಡು ಹೇಗೆ ಕೇಳಿಸಿತೆಂದು ಇಲ್ಲಿ ಬರೆಯಲಾರೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. 1973ರಲ್ಲಿ ತಮ್ಮ ಕ್ಲೇಟನ್ ಆತ್ಮಹತ್ಯೆ ಮಾಡಿಕೊಂಡರು. 1981ರಲ್ಲಿ ಜಾಕ್ಸನ್‌ನಲ್ಲಿ, ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ಕೇಂದ್ರವೊಂದು ಕಾರ್ಲ್ ಹೆಸರಿನಲ್ಲಿ, ಅವರದೇ ಪ್ರಯತ್ನದಿಂದ ಶುರುವಾಯಿತು. 1985ರಲ್ಲಿ ಲಂಡನ್ನಿನಲ್ಲಿ ಜಾರ್ಜ್, ರಿಂಗೊ, ಎರಿಕ್ ಕ್ಲಾಪ್ಟನ್ ಮೊದಲಾದವರು ಅವರ ಸುತ್ತ ಕುಳಿತು ಟಿವಿಗಾಗಿ ನುಡಿಸಿದರು. 1987ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಬಂತು. 1990ರ ದಶಕದ ಆರಂಭದಲ್ಲಿ ಗಂಟಲಿನ ಕ್ಯಾನ್ಸರ್ ಆಗಿ, ಅದರಿಂದ ಗುಣವಾಗಿ ಮತ್ತೆ ಹಾಡಿದರು. 1998ರ ಜನವರಿ 19ರಂದು ಜಾಕ್ಸನ್‌ನಲ್ಲಿಯೇ ಪಾರ್ಶ್ವವಾಯುವಿನಿಂದ ತೀರಿಕೊಂಡರು. ಅಂತ್ಯಕ್ರಿಯೆಗೆ ಇಂಗ್ಲೆಂಡಿನ ಜಾರ್ಜ್ ಬಂದು ಗಿಟಾರ್ ಹಿಡಿದು ಕಾರ್ಲ್ ಅವರದೇ ‘ಯುವರ್ ಟ್ರೂ ಲವ್’ ಹಾಡಿದರು.

ಶಹಾಪುರ ಮಾಸ್ತರ

ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ನಮ್ಮ ಪ್ರೀತಿ ಭಜನೆಯಾಗಿಬಿಡುತ್ತದೆ. ‘ಮ್ಯಾಚ್‌ಬಾಕ್ಸ್’ ಹಾಡಿನ ಕೇಂದ್ರದಲ್ಲಿರುವ ಬೆಂಕಿಪೆಟ್ಟಿಗೆಯ ಸಾಲು ಕಾರ್ಲ್ ಹುಟ್ಟುವ ಮೊದಲೇ, 1927ರಲ್ಲಿ, ಬ್ಲೈಂಡ್ ಲೆಮನ್ ಜೆಫರ್ಸನ್ ಎಂಬ ಕಪ್ಪು ಜನಾಂಗದ ಬ್ಲೂಸ್ ಗಾಯಕ ಹಾಡಿದ ರೆಕಾರ್ಡಿನಲ್ಲಿದೆ. ತಂದೆ ಬಕ್ ಆ ಒಂದೆರಡು ಸಾಲುಗಳನ್ನು ನೆನಪಿನಿಂದ ಹೇಳಿದರಂತೆ, ಮಗ ಅದರ ಸುತ್ತ ಹಾಡು ಹೆಣೆದರು. ಬಾಯಿಂದ ಬಾಯಿಗೆ ಸಾಗುವ ಹಾಡಿಗೆ ಇದು ಸಹಜ. ಆದರೆ ರೆಕಾರ್ಡಿನ ಮೇಲೆ ಒಬ್ಬರ ಹೆಸರು ಅಚ್ಚಾದ ಮೇಲೆ ದುಡ್ಡು ಒಂದೇ ಮನೆಗೆ ಹೋಗುತ್ತದೆ. ಬೀಟಲ್ಸ್ ಹಾಡಿದ್ದರ ಗೌರವಧನ ಜೆಫರ್ಸನ್ ಅಥವಾ ಅಂಕಲ್ ಜಾನ್ ಅವರ ಮನೆಯವರಿಗೆ ತಲುಪಲಿಲ್ಲವೆಂಬುದನ್ನೂ ತಂತಿ-ತಾಳ ಅವರು ಹೇಳಲಿ. ಕಾರ್ಲ್ ತಮ್ಮ ಗುರುವಿನ ಹೆಸರನ್ನು ಕೊನೆಯವರೆಗೂ ಹೇಳುತ್ತಿದ್ದರು, ಅದು ಅವರ ದೊಡ್ಡತನ. ಆದರೂ ಲೆಕ್ಕ ಲೆಕ್ಕವೇ.

ತಂತಿ-ತಾಳ, ಕಲಬುರಗಿ

ಮಾಸ್ತರರೇ, ಖಂಡಿತ ಹೇಳುತ್ತೇನೆ. ನನ್ನ ಅರ್ಧ ಗಂಟೆಯ ಮಾತನ್ನು ಈಗ ಪೂರ್ತಿ ಬೇರೆಯಾಗಿ ಕಟ್ಟಿಕೊಂಡಿದ್ದೇನೆ. ಹತ್ತಿಯ ಹೊಲದಿಂದ, ಗಂಟು ಹಾಕಿದ ತಂತಿಯಿಂದ ಶುರು ಮಾಡುತ್ತೇನೆ. ಅಪಘಾತಕ್ಕೆ ಎರಡೇ ನಿಮಿಷ, ಜೇ ಅವರಿಗೆ ಅದಕ್ಕಿಂತ ಹೆಚ್ಚು. ಲೂಥರ್ ಗೊಂದಲವನ್ನೂ ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ.

ನುಡಿಸಲು ‘ಮ್ಯಾಚ್‌ಬಾಕ್ಸ್’ ಮತ್ತು ‘ಡ್ಯಾಡಿ ಸ್ಯಾಂಗ್ ಬಾಸ್’. ನೀಲಿ ಬೂಟನ್ನು ಬಿಟ್ಟಿದ್ದೇನೆ. ಎಣಿಕೆಯ ನಡುವೆ ಕಾರ್ಲ್ ಬಿಡುವ ಆ ಉಸಿರು ನನಗೆ ಇನ್ನೂ ಸಿಕ್ಕಿಲ್ಲ, ಎಲ್ವಿಸ್‌ನ ಓಟವೇ ಕೈಗೆ ಬರುತ್ತದೆ. ಎರಡನೆಯ ಹಾಡಿಗೆ ಕೆಳದನಿಯವರು ಬೇಕು, ನಮ್ಮ ಗುಂಪಿನಲ್ಲಿರುವವರೆಲ್ಲ ಕೀರಲು ಕಂಠದವರೇ. ಬೀದರ ಆರುತಂತಿ ಅವರು ಬೆಳಗಿನ ರೈಲಿಗೆ ಹೊರಟು, ದಾರಿಯಲ್ಲಿ ಹುಮನಾಬಾದಿನಲ್ಲಿ ಹಾರ್ಮೋನಿಯಂ ಅಣ್ಣಾವರನ್ನೂ ಹತ್ತಿಸಿಕೊಂಡು ಬಂದರೆ ಸ್ಟೇಷನ್ನಿಗೆ ನಾನೇ ಬರುತ್ತೇನೆ. ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ.